ಅಕ್ಕೋರ ಸಿಟ್ಟು ಎಲ್ಲಿ ಹೋಗುತ್ತದೆ?

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ಅಂಚಿನಲ್ಲಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಕಂಡದ್ದು ಇದು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಮುಕ್ಕಾಲು ಗಂಟೆ ತಡವಾಗಿ ಬಂದು, ನೀರಿಳಿಯುವ ಸಮವಸ್ತ್ರದಲ್ಲಿ ಬಾಗಿಲ ಬಳಿ ನಿಂತಿದ್ದಳು. ಶಾಲೆಗೆ ಇರುವವರು ಒಬ್ಬರೇ ಅಕ್ಕೋರು. ಐದೂ ತರಗತಿಗಳ ಮಕ್ಕಳು ಅವರ ಎದುರಿಗಿದ್ದರು, ಬಿಸಿಯೂಟದ ಲೆಕ್ಕದ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಅವರ ಮುಖ ಬಿಗಿಯಿತು. ಸೀಮೆಸುಣ್ಣವನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಕಾಲುಸಂಕದ ಮೇಲೆ ನೀರು ಬಂದಿತ್ತೇನೇ ತಂಗಿ?" ಎಂದು ಕೇಳಿದರು. ಹುಡುಗಿ ತಲೆಯಾಡಿಸಿದಳು. ಅಪ್ಪ ಬಂದು ಹಳ್ಳ ದಾಟಿಸುವವರೆಗೂ ಆಚೆ ದಡದಲ್ಲೇ ಕಾದಿದ್ದಳಂತೆ.

ಊಟದ ಬಿಡುವಿನಲ್ಲಿ ಅಕ್ಕೋರು ಹೇಳಿದರು: "ಸಿಟ್ಟು ಬಂದದ್ದು ಹೌದು. ಆದರೆ ಅದು ಹುಡುಗಿಯ ಮೇಲಲ್ಲ, ಪಾಠ ಅರ್ಧಕ್ಕೆ ನಿಂತಿತಲ್ಲ ಎಂದು."

ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಎಂದು ಕರೆದದ್ದು ಇಂಥ ಸಾಮರ್ಥ್ಯವನ್ನೇ. ಭಾವನೆಯನ್ನು ಗುರುತಿಸುವುದು, ಆಲೋಚನೆಗೆ ಅದನ್ನು ಬಳಸಿಕೊಳ್ಳುವುದು, ಅದು ಎಲ್ಲಿಂದ ಹುಟ್ಟಿತೆಂದು ತಿಳಿಯುವುದು, ಅದನ್ನು ನಿಭಾಯಿಸುವುದು ಎಂಬ ನಾಲ್ಕು ಭಾಗಗಳನ್ನು ಅವರು ಮುಂದೆ ವಿವರಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕದಿಂದ ಈ ಮಾತು ಮನೆಮಾತಾಯಿತು. ಅದರ ಜೊತೆಗೆ ಬಂದ ದೊಡ್ಡ ದೊಡ್ಡ ಭರವಸೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇದು ಸ್ವಭಾವದ ಗುಣವಲ್ಲ, ಭಾವನೆಗಳನ್ನು ಅರಿತು ಬಳಸುವ ಕೌಶಲ ಎಂಬ ಸಾಲೊವಿ ಮತ್ತು ಮೇಯರ್ ಅವರ ವಿವರಣೆಯೇ ಶಾಲೆಯ ಅನುಭವಕ್ಕೆ ಹೆಚ್ಚು ಹತ್ತಿರವಾಗಿದೆ.

ಒಳ್ಳೆಯ ಶಿಕ್ಷಕರೆಂದರೆ ಸಿಟ್ಟನ್ನು ನುಂಗಿಕೊಳ್ಳುವವರು ಎಂದು ನಾವು ತಿಳಿದಿದ್ದೇವೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ. ಮನಸ್ಸನ್ನು ಕಲಕುವ ಚಿತ್ರಗಳನ್ನು ನೋಡುವಾಗ ಮುಖದಲ್ಲಿ ಏನನ್ನೂ ತೋರಗೊಡದಿರಲು ಹೇಳಿಸಿಕೊಂಡವರು ಹೊರಗೆ ಶಾಂತವಾಗಿ ಕಂಡರೂ, ಒಳಗಿನ ಕಸಿವಿಸಿ ತಗ್ಗಲಿಲ್ಲ, ದೇಹದ ಒತ್ತಡದ ಕೆಲವು ಲಕ್ಷಣಗಳಂತೂ ಹೆಚ್ಚಿದವು. ಅಷ್ಟೇ ಅಲ್ಲ, ಆ ಹೊತ್ತಿನಲ್ಲಿ ಕಂಡು ಕೇಳಿದ ವಿವರಗಳು ಅವರ ನೆನಪಿನಲ್ಲಿ ಸರಿಯಾಗಿ ಉಳಿಯಲಿಲ್ಲ. ಯಾವ ಮಗು ಎಲ್ಲಿ ತಡವರಿಸಿತು ಎಂಬುದನ್ನು ದಿನವಿಡೀ ನೆನಪಿಡಬೇಕಾದವರಿಗೆ ಇದು ಸಣ್ಣ ನಷ್ಟವಲ್ಲ. ಘಟನೆಯ ಅರ್ಥವನ್ನೇ ಬೇರೆ ರೀತಿಯಲ್ಲಿ ನೋಡಿದವರಿಗೆ, ಅಂದರೆ "ಈಕೆ ಉಡಾಫೆ ಮಾಡಿದಳು" ಎಂಬಲ್ಲಿ "ಹಳ್ಳ ತುಂಬಿರಬೇಕು" ಎಂದುಕೊಳ್ಳುವ ಬಗೆಯವರಿಗೆ, ನೆನಪಿನ ಆ ನಷ್ಟ ಆಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟ ಆ ಎರಡು ಕ್ಷಣಗಳಲ್ಲಿ ಅಕ್ಕೋರು ಮಾಡಿದ್ದು ಇದನ್ನೇ.

ಇಂಥ ಕೌಶಲಕ್ಕೆ ವೃತ್ತಿಯಲ್ಲಿ ಏನು ಬೆಲೆ? ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಗುರುತಿಸಿದಂತೆ, ಶಿಕ್ಷಕ ವೃತ್ತಿಯಲ್ಲಿ ಹತ್ತಲು ಮೆಟ್ಟಿಲುಗಳು ಬಹಳ ಕಡಿಮೆ. ನಮ್ಮಲ್ಲೂ ಕಾಲಮಿತಿ ಬಡ್ತಿಯಿಂದ ಸಂಬಳ ಏರುತ್ತದೆಯೇ ಹೊರತು ಕೆಲಸ ಬದಲಾಗುವುದಿಲ್ಲ. ಹೀಗಾಗಿ ಅನೇಕರ ವೃತ್ತಿಜೀವನದ ದೊಡ್ಡ ತಿರುವೆಂದರೆ ವರ್ಗಾವಣೆಯ ಕೌನ್ಸೆಲಿಂಗ್, ಘಟ್ಟದ ಮೇಲಿನಿಂದ ಕರಾವಳಿಗೋ ಮನೆಯ ಹತ್ತಿರಕ್ಕೋ ಹೋಗುವುದು.

ಹುರುಪು ಹಾಗಾದರೆ ಎಲ್ಲಿಂದ ಬರಬೇಕು? ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಆಕಾರಗಳನ್ನು ಜೋಡಿಸುವ ಒಗಟುಗಳನ್ನು ಕೊಟ್ಟರು. ಬಿಡಿಸಿದ್ದಕ್ಕೆ ಹಣ ಪಡೆದವರಲ್ಲಿ, ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಒಗಟನ್ನು ಕೈಗೆತ್ತಿಕೊಳ್ಳುವ ಆಸಕ್ತಿ ಕುಗ್ಗಿತು. ಮತ್ತೊಂದು ಪ್ರಯೋಗದಲ್ಲಿ ಮೆಚ್ಚುಗೆಯ ಮಾತು ಕೇಳಿದವರಲ್ಲಿ ಅದು ಕುಗ್ಗಲಿಲ್ಲ. ನ್ಯಾಯವಾದ ಸಂಬಳ ಬೇಡವೆಂದು ಇದರ ಅರ್ಥವಲ್ಲ. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಬೆಳೆಸಿದ ಸಿದ್ಧಾಂತದ ಪ್ರಕಾರ ಮನುಷ್ಯನ ಒಳಗಿನ ಹುರುಪಿಗೆ ಸ್ವಂತ ನಿರ್ಧಾರದ ಅವಕಾಶ, ಕೈಗೂಡುತ್ತಿದೆಯೆಂಬ ಭರವಸೆ ಮತ್ತು ತನ್ನವರೆನ್ನುವ ಜನ ಬೇಕು. ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ಕರ್ನಾಟಕದ ನಲಿ-ಕಲಿ ಪದ್ಧತಿ 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಮೊಳೆತಾಗ, ಆಂಧ್ರದ ಋಷಿವ್ಯಾಲಿ ಶಾಲೆಯ ಮಾದರಿಯನ್ನು ನೋಡಿಬಂದು ಕಲಿಕಾ ಕಾರ್ಡುಗಳನ್ನು ಜೊತೆಗೂಡಿ ರೂಪಿಸಿದವರಲ್ಲಿ ಶಾಲಾ ಶಿಕ್ಷಕರೇ ಇದ್ದರು. ಈ ಮೂರೂ ಅಲ್ಲಿದ್ದವು.

ಏಕೋಪಾಧ್ಯಾಯ ಶಾಲೆಯಲ್ಲಿ ಮೂರನೆಯದು, ಅಂದರೆ ತನ್ನವರೆನ್ನುವ ಜನ, ಇಲ್ಲ. ಕಾರವಾರದ ಕಡೆ ಕೊಂಕಣಿ, ಯಲ್ಲಾಪುರದ ಗೌಳಿವಾಡಗಳಲ್ಲಿ ಮರಾಠಿ ಬೆರೆತ ಮಾತು ಆಡುವ ಮಗು ಮೊದಲ ತಿಂಗಳೆಲ್ಲ ಬಾಯಿ ಬಿಡದೆ ಕುಳಿತಾಗ, ಮಾಸ್ತರಿಗೆ ಆಗುವ ಹತಾಶೆಯನ್ನು ಹೇಳಿಕೊಳ್ಳಲು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರಿರುವುದಿಲ್ಲ. ಉಳಿದಿರುವುದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ. ಅಲ್ಲಿ ಅಂಕಿ-ಅಂಶ, ಸುತ್ತೋಲೆಗಳ ಮಾತಿಗೇ ಹೊತ್ತು ಹೋಗಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಬೆಳವಣಿಗೆಯನ್ನು ಬಯಸುತ್ತದೆ. ಅದರಲ್ಲಿ ಕೆಲವು ಗಂಟೆಗಳಾದರೂ ತರಗತಿಯಲ್ಲಿ ನಿಜವಾಗಿ ನಡೆದದ್ದನ್ನು ಸಹೋದ್ಯೋಗಿಗಳ ಮುಂದೆ ಬಿಚ್ಚಿ ಹೇಳುವುದಕ್ಕೆ ಮೀಸಲಾಗಬೇಕೆಂದು ನನ್ನ ಒತ್ತಾಯ.

ಆ ಅಕ್ಕೋರ ಬಳಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ಮಳೆಗಾಲದಲ್ಲಿ ಯಾವ ಮಗು ಯಾವ ದಿನ ಏಕೆ ತಡವಾಯಿತು, ತಪ್ಪಿದ ಪಾಠವನ್ನು ಮಧ್ಯಾಹ್ನ ಹೇಗೆ ಕೂಡಿಸಿದೆ ಎಂದು ಅದರಲ್ಲಿ ಬರೆದಿಟ್ಟಿದ್ದಾರೆ. ಇನ್ನೂ ಯಾರಿಗೂ ತೋರಿಸಿರಲಿಲ್ಲ. ಮುಂದಿನ ಸಭೆಗೆ ಒಯ್ಯಿರಿ ಎಂದೆ. ಸ್ವಲ್ಪ ಹೊತ್ತು ಪುಟ ತಿರುವಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.