ಕೆಲಸ ಬರುತ್ತೆ, ಸರ್ಟಿಫಿಕೇಟ್ ಇಲ್ಲ: ಅನುಭವಕ್ಕೆ ಮಾನ್ಯತೆ ಹುಡುಕಿದ ದಾರಿ

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ಗೇಟಿನಲ್ಲಿ ನಿಂತು ಕೆಲಸ ಕೇಳಿದರೆ ಮೊದಲು ಬರುವ ಪ್ರಶ್ನೆ ಗೊತ್ತಿರುವುದೇ: ‘ಐಟಿಐ ಆಗಿದೆಯಾ, ಡಿಪ್ಲೊಮಾನಾ?’ ಕೆಲಸ ಬರುತ್ತಾ ಎಂದು ಕೇಳುವವರು ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀರಿಗೆ ಬರ ಇರಬಹುದು, ಕೆಲಸ ಬಲ್ಲವರಿಗೆ ಇಲ್ಲ. ಮಾಲೂರಿನ ಹೆಂಚು, ಇಟ್ಟಿಗೆ ಕಾರ್ಖಾನೆಗಳಲ್ಲಿ ಬೆಂಕಿಯ ಹದ ಕಲಿತವರಿದ್ದಾರೆ. ಶಿವಾರಪಟ್ಟಣದಲ್ಲಿ ಕಲ್ಲು ಕಡೆಯುವ ಮನೆತನಗಳಿವೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆಯಲ್ಲೇ ಅರ್ಧ ಆಯಸ್ಸು ಕಳೆದ ಹೆಂಗಸರಿದ್ದಾರೆ. ಇವರಲ್ಲಿ ಹೆಚ್ಚಿನವರ ಹತ್ತಿರ ‘ಇವರಿಗೆ ಈ ಕೆಲಸ ಬರುತ್ತದೆ’ ಎಂದು ಹೇಳುವ ಒಂದು ಹಾಳೆ ಕಾಗದವೂ ಇಲ್ಲ.

2015ರ ರಾಷ್ಟ್ರೀಯ ಕೌಶಲ ನೀತಿಯಲ್ಲಿ ಒಂದು ಅಂಕಿ ಇದೆ. ಭಾರತದ ದುಡಿಯುವ ಜನರಲ್ಲಿ ಔಪಚಾರಿಕ ಕೌಶಲ ತರಬೇತಿ ಪಡೆದವರು ಶೇ 4.69 ಮಾತ್ರ, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. ಆಮೇಲೆ ಇದು ಭಾಷಣಗಳಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಬಂದಾಗಲೆಲ್ಲ ಅದನ್ನು ‘ನಮ್ಮವರಿಗೆ ಕೆಲಸ ಬರೋದಿಲ್ಲ’ ಎಂಬ ಅರ್ಥದಲ್ಲೇ ಹೇಳಿದರು. ಅಂಕಿ ಹೇಳುತ್ತಿದ್ದುದು ಬೇರೆ. ಕೆಲಸವನ್ನು ತರಬೇತಿ ಕೇಂದ್ರದಲ್ಲಿ ಕೂತು ಕಲಿತವರು ಕಡಿಮೆ ಎಂದಷ್ಟೇ ಅದರ ಅರ್ಥ. ಉಳಿದವರು ಅಪ್ಪನ ಹತ್ತಿರ, ಮೇಸ್ತ್ರಿ ಹತ್ತಿರ, ಗ್ಯಾರೇಜಿನಲ್ಲಿ ಬೈಸಿಕೊಂಡು ಕಲಿತವರು. ಹಾಗೆ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಗೆ ‘ಪೂರ್ವ ಕಲಿಕೆಯ ಮಾನ್ಯತೆ’ ಎಂದು ಹೆಸರು. ಎಲ್ಲರ ಬಾಯಲ್ಲೂ ಅದು ಆರ್‌ಪಿಎಲ್.

ದಿಲ್ಲಿಯಿಂದ ಈಚೆಗೆ ಬಂದ ಯೋಜನೆ ಎಂಬಂತೆ ಆರ್‌ಪಿಎಲ್ ಬಗ್ಗೆ ಮಾತಾಡುತ್ತೇವೆ. ಆದರೆ ಅನುಭವವನ್ನು ಅರ್ಹತೆಯಾಗಿ ಎಣಿಸುವ ಪದ್ಧತಿ ಕೋಲಾರ ಜಿಲ್ಲೆಗೆ ಹೊಸದಲ್ಲ. ಕೆಜಿಎಫ್‌ನಲ್ಲಿ ಅದು ಬಹಳ ಹಿಂದೆಯೇ ನಡೆದಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಇಳಿಯಿತು. ಮುಂದೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಮದ್ದು ಸಿಡಿಸುವವನ ಕೈ ತಪ್ಪಿದರೆ ಹೋಗುವುದು ಅವನೊಬ್ಬನ ಜೀವವಲ್ಲ. ಹಾಗಾಗಿಯೇ ಗಣಿ ಕಾನೂನು ಕೆಲವು ಕೆಲಸಗಳಿಗೆ ಸಾಮರ್ಥ್ಯ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. 1961ರ ಲೋಹ ಗಣಿ ನಿಯಮಾವಳಿಯಲ್ಲಿ ಫೋರ್‌ಮನ್, ಮೇಟ್ (ಕೆಲಸಗಾರರ ಮೇಲ್ವಿಚಾರಕ), ಬ್ಲಾಸ್ಟರ್ (ಮದ್ದು ಸಿಡಿಸುವವನು), ವೈಂಡಿಂಗ್ ಎಂಜಿನ್ ಡ್ರೈವರ್ ಇವರಿಗೆಲ್ಲ ಬೇರೆ ಬೇರೆ ಪ್ರಮಾಣಪತ್ರಗಳಿವೆ. ಮೇಟ್ ಅಥವಾ ಬ್ಲಾಸ್ಟರ್ ಆಗಲು ಕಾಲೇಜು ಮೆಟ್ಟಿಲು ಹತ್ತಬೇಕಿರಲಿಲ್ಲ. ಗಣಿಯೊಳಗೆ ದುಡಿದ ದಾಖಲೆ ತೋರಿಸಿ, ಪರೀಕ್ಷಕರ ಮುಂದೆ ನಿಂತು ಉತ್ತರ ಹೇಳಿ ಪಾಸಾಗಬೇಕಿತ್ತು. ಪಾಸಾದರೆ ಹುದ್ದೆ ಬದಲಾಗುತ್ತಿತ್ತು, ಸಂಬಳವೂ ಬದಲಾಗುತ್ತಿತ್ತು. ಅನುಭವ, ಪರೀಕ್ಷೆ, ಕಾಗದ, ಬಡ್ತಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದವು.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆ ಕೊಂಡಿ ಗಣಿಯ ಗೇಟಿನೊಳಗಷ್ಟೇ ಇತ್ತು ಎಂಬುದು ಆಗ ಕಂಡಿತು. ಸಾವಿರಾರು ಅಡಿ ಆಳಕ್ಕೆ ಜನರನ್ನು ಇಳಿಸಿ ಹತ್ತಿಸುವ ಯಂತ್ರ ನಡೆಸಿದವನ ಪ್ರಮಾಣಪತ್ರಕ್ಕೆ ಬೆಂಗಳೂರಿನ ಕಾರ್ಖಾನೆಯಲ್ಲಿ ಬೆಲೆ ಇರಲಿಲ್ಲ. ಸುರಂಗಕ್ಕೆ ಮರದ ಆಸರೆ ಕಟ್ಟಿದವನಿಗೆ, ಪಂಪು ರಿಪೇರಿ ಮಾಡಿದವನಿಗೆ ಅಂಥ ಪ್ರಮಾಣಪತ್ರವೂ ಇರಲಿಲ್ಲ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದ ಗಣಿ ಕುಟುಂಬಗಳವರಲ್ಲಿ ಸೆಕ್ಯೂರಿಟಿ ಗಾರ್ಡ್ ಆದವರಿದ್ದಾರೆ, ಲೋಡಿಂಗ್ ಕೆಲಸಕ್ಕೆ ಸೇರಿದವರಿದ್ದಾರೆ. ಆರ್‌ಪಿಎಲ್‌ನ ಹೆಸರೂ ಆಗ ಇಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಗಣಿಯ ಹೊರಗೆ ಸ್ವತಂತ್ರ ಭಾರತ ಹಿಡಿದದ್ದು ಸಂಸ್ಥೆಗಳ ದಾರಿ. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಶುರುವಾಗಿ ಐಟಿಐಗಳು ಬಂದವು. 1956ರಲ್ಲಿ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ, 1961ರಲ್ಲಿ ಅಪ್ರೆಂಟಿಸ್ ಕಾಯ್ದೆ. ಒಳಗೆ ಹೋದವನಿಗೆ ಅಚ್ಚುಕಟ್ಟಾದ ವ್ಯವಸ್ಥೆ: ಐಟಿಐ ಮುಗಿಸಿದರೆ ಎನ್‌ಟಿಸಿ ಎಂಬ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ, ಅಪ್ರೆಂಟಿಸ್ ಮುಗಿಸಿದರೆ ಎನ್‌ಎಸಿ ಎಂಬ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ. ಹೊರಗೆ ಉಳಿದವನಿಗೆ ಇದ್ದದ್ದು ಕಿಂಡಿಯಷ್ಟು ಜಾಗ. ಕೆಲಸದ ಅನುಭವ ತೋರಿಸಿ ಖಾಸಗಿ ಅಭ್ಯರ್ಥಿಯಾಗಿ ವೃತ್ತಿ ಪರೀಕ್ಷೆಗೆ ಕೂರಬಹುದಿತ್ತು. ಆದರೆ ಅನುಭವಕ್ಕೆ ಪತ್ರ ಕೊಡಬೇಕಾದ ಮಾಲೀಕನ ಗ್ಯಾರೇಜಿಗೆ ಬೋರ್ಡೇ ಇಲ್ಲದಿದ್ದರೆ ಆ ಪತ್ರ ಎಲ್ಲಿಂದ ತರುವುದು?

ಬೇರೆ ದೇಶಗಳಲ್ಲಿ ಈ ವಿಚಾರ ಬೆಳೆದದ್ದು ಬೇರೆ ಬೇರೆ ಒತ್ತಡಗಳಿಂದ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಸೈನಿಕರು ಸೇನೆಯಲ್ಲಿ ಕಲಿತದ್ದನ್ನು ಕಾಲೇಜು ಕ್ರೆಡಿಟ್ಟಾಗಿ ಲೆಕ್ಕ ಹಾಕಲು ಶುರು ಮಾಡಿದರು. ಬ್ರಿಟನ್ 1986ರಿಂದ ಎನ್‌ವಿಕ್ಯೂ ಎಂಬ ವೃತ್ತಿ ಅರ್ಹತೆಯ ಪದ್ಧತಿ ಕಟ್ಟಿತು. ಎಲ್ಲಿ ಕಲಿತೆ ಎಂಬುದು ಬೇಡ, ಮಾಡಿ ತೋರಿಸು ಎನ್ನುವುದು ಅದರ ತತ್ವ. ಫ್ರಾನ್ಸ್ ಇನ್ನೂ ಮುಂದೆ ಹೋಯಿತು. 2002ರ ಕಾನೂನಿನ ಪ್ರಕಾರ ಮೂರು ವರ್ಷದ ಅನುಭವ ಇದ್ದವರು ತಮ್ಮ ಕೆಲಸದ ವಿವರ ಬರೆದು ತೀರ್ಪುಗಾರರ ಮಂಡಳಿಯ ಮುಂದೆ ಹಾಜರಾಗಿ ಪೂರ್ತಿ ಡಿಪ್ಲೊಮಾವನ್ನೇ ಪಡೆಯಬಹುದು. ಅದರ ಮೇಲೆ ‘ಅನುಭವದಿಂದ ಬಂದದ್ದು’ ಎಂಬ ಸಣ್ಣ ಅಕ್ಷರವೂ ಇರುವುದಿಲ್ಲ, ಕ್ಲಾಸಿನಲ್ಲಿ ಕೂತವನಿಗೂ ಇವನಿಗೂ ಒಂದೇ ಪದವಿ. 2016ರಲ್ಲಿ ಆ ಮೂರು ವರ್ಷವನ್ನೂ ಒಂದಕ್ಕೆ ಇಳಿಸಿದರು.

ಕೆಜಿಎಫ್ ಬಲ್ಲವರಿಗೆ ಹತ್ತಿರವಾಗುವುದು ದಕ್ಷಿಣ ಆಫ್ರಿಕಾದ ಕಥೆ. ಅಲ್ಲೂ ಚಿನ್ನದ ಗಣಿ, ಅಲ್ಲೂ ಸಾಮರ್ಥ್ಯ ಪ್ರಮಾಣಪತ್ರ. ಆದರೆ 1926ರ ತಿದ್ದುಪಡಿ ಕಾಯ್ದೆ ಆಫ್ರಿಕನ್ನರನ್ನೂ ಭಾರತೀಯರನ್ನೂ ಆ ಪ್ರಮಾಣಪತ್ರಗಳಿಂದಲೇ ಹೊರಗಿಟ್ಟಿತು. ಬಂಡೆಗೆ ತೂತು ಕೊರೆದು ಮದ್ದು ತುಂಬುವ ಕೆಲಸದಲ್ಲಿ ಪಳಗಿದ ಕಪ್ಪು ಕಾರ್ಮಿಕ ಕಾಗದದ ಮೇಲೆ ಜೀವಮಾನವಿಡೀ ಸಹಾಯಕನೇ. ಈ ಬಣ್ಣದ ತಡೆ ತೆಗೆದದ್ದು 1980ರ ದಶಕದ ಕೊನೆಯಲ್ಲಿ. ಆರ್‌ಪಿಎಲ್ ಬೇಕು ಎಂದು ಅಲ್ಲಿ ಗಟ್ಟಿಯಾಗಿ ಕೇಳಿದವು ಕಾರ್ಮಿಕ ಸಂಘಗಳು. ವರ್ಣಭೇದ ಮುಗಿದ ಮರುವರ್ಷ, 1995ರಲ್ಲಿ, ಅರ್ಹತಾ ಚೌಕಟ್ಟಿನ ಕಾಯ್ದೆ ಬಂತು. ಇದು ದಯೆ ತೋರಿಸುವ ಕಾರ್ಯಕ್ರಮವಲ್ಲ, ತಡೆಹಿಡಿದದ್ದನ್ನು ಹಿಂತಿರುಗಿಸುವುದು ಎಂಬ ಭಾವನೆ ಅಲ್ಲಿತ್ತು. 2004ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 195ನೇ ಶಿಫಾರಸು ಪೂರ್ವ ಕಲಿಕೆಯ ಮಾನ್ಯತೆಯನ್ನು ಎಲ್ಲ ದೇಶಗಳಿಗೂ ಹೇಳಿತು.

ಭಾರತದಲ್ಲಿ ಅದಕ್ಕೆ ಬೇಡಿಕೆ ಕೆಳಗಿನಿಂದ ಬರಲಿಲ್ಲ. ಮೇಲಿನಿಂದ ಗುರಿ ಬಂತು. ನನ್ನ ಲೆಕ್ಕದಲ್ಲಿ ಇಲ್ಲಿನ ಎಡವಟ್ಟುಗಳಿಗೆಲ್ಲ ಮೂಲ ಇದೇ. 2007ರಲ್ಲಿ ಕಾರ್ಮಿಕ ಸಚಿವಾಲಯ ಎಂಇಎಸ್ ಎಂಬ ಸಣ್ಣ ಸಣ್ಣ ಕೋರ್ಸುಗಳ ಯೋಜನೆ ತಂದು, ಈಗಾಗಲೇ ಕೆಲಸ ಬಲ್ಲವರು ನೇರವಾಗಿ ಪರೀಕ್ಷೆಗೆ ಬರಲು ಅವಕಾಶ ಕೊಟ್ಟಿತು. 2013ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು, ಪ್ರತಿ ಕೆಲಸಕ್ಕೂ ಒಂದು ಹಂತ. 2015ರ ಜುಲೈ 15ರಂದು ಪ್ರಧಾನ ಮಂತ್ರಿ ಕೌಶಲ್ ವಿಕಾಸ್ ಯೋಜನೆ ಶುರುವಾಯಿತು. ಮರುವರ್ಷ ಅದರ ಎರಡನೇ ಸುತ್ತಿಗೆ ಇಟ್ಟ ಗುರಿ ಒಂದು ಕೋಟಿ ಜನ, ಅದರಲ್ಲಿ 40 ಲಕ್ಷ ಆರ್‌ಪಿಎಲ್.

40 ಲಕ್ಷ ಎಂದ ಮೇಲೆ ಕ್ಯಾಂಪ್ ಮಾಡಲೇಬೇಕು. ಜನರನ್ನು ಒಟ್ಟುಗೂಡಿಸು, ಆಧಾರ್ ತೆಗೆದುಕೊ, 12 ಗಂಟೆಯ ಓರಿಯಂಟೇಶನ್ ಕೊಡು, ಅಸೆಸರ್ ಬಂದು ಒಂದಷ್ಟು ಪ್ರಶ್ನೆ, ಒಂದಷ್ಟು ಪ್ರಾಕ್ಟಿಕಲ್, ಫೋಟೊ. ಆ ಸುತ್ತಿನಲ್ಲಿ ಪಾಸಾದವರಿಗೆ ಪ್ರಮಾಣಪತ್ರ, 500 ರೂಪಾಯಿ, ಮೂರು ವರ್ಷಕ್ಕೆ 2 ಲಕ್ಷದ ಅಪಘಾತ ವಿಮೆ. ಒಬ್ಬ ಮೇಸ್ತ್ರಿಯ ಕಡೆಯಿಂದ ಇದನ್ನು ನೋಡಿ. ತೂಗುಗುಂಡು ಬಿಟ್ಟು, ರಸಮಟ್ಟ ಇಟ್ಟು ಗೋಡೆ ಎಬ್ಬಿಸುವುದು ಅವನಿಗೆ ನಿದ್ದೆಯಲ್ಲೂ ಬರುತ್ತದೆ. ಕ್ಯಾಂಪಿಗೆ ಬಂದರೆ ದಿನಗೂಲಿ ಹೋಗುತ್ತದೆ. 500 ರೂಪಾಯಿ ಆ ನಷ್ಟಕ್ಕೂ ಸಾಲದು. ‘ಮೇಸನ್ ಜನರಲ್, 4ನೇ ಹಂತ’ ಎಂಬ ಪತ್ರ ಹಿಡಿದು ಮಾರನೆಯ ದಿನ ಸೈಟಿಗೆ ಹೋದರೆ ಕಂಟ್ರ್ಯಾಕ್ಟರ್ ಕೂಲಿ ಹೆಚ್ಚು ಮಾಡುವುದಿಲ್ಲ. ಮಾಡಲೇಬೇಕೆಂದು ಹೇಳುವ ಕಾನೂನು ಇಲ್ಲ. ಕನಿಷ್ಠ ವೇತನ ಅಧಿಸೂಚನೆಯಲ್ಲಿ ಕುಶಲ, ಅರೆಕುಶಲ ಎಂಬ ವರ್ಗಗಳಿವೆ, ಆದರೆ ಆರ್‌ಪಿಎಲ್ ಪತ್ರ ಇದ್ದವನು ಇಂಥ ವರ್ಗಕ್ಕೆ ಎಂದು ಜೋಡಿಸುವ ಕೊಂಡಿ ಇಲ್ಲ. ಗಣಿಯಲ್ಲಿ ಇದ್ದದ್ದು ಇದೇ ಕೊಂಡಿ.

ಪರೀಕ್ಷೆ ಯಾವುದನ್ನು ಅಳೆಯುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಶಿಡ್ಲಘಟ್ಟದ ಒಂದು ಬಿಚ್ಚಾಣಿಕೆ ಘಟಕದ ಬೇಸಿನ್ ಮುಂದೆ ನಿಲ್ಲಿ. ಒಂದು ಗೂಡಿನ ಎಳೆ ಸುಮಾರು ಎರಡೂವರೆ ಮೂರು ಡೆನಿಯರ್ (ಎಳೆಯ ದಪ್ಪ ಹೇಳುವ ಅಳತೆ). 20–22 ಡೆನಿಯರ್ ನೂಲು ಬೇಕೆಂದರೆ ಎಂಟರ ಆಸುಪಾಸು ಗೂಡುಗಳ ಎಳೆ ಒಟ್ಟಿಗೆ ಓಡಬೇಕು. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಎಣಿಸಿಬಿಡುತ್ತಿದ್ದರು. ಎಳೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಗೂಡು ಖಾಲಿಯಾಗುತ್ತ ಬಂದಂತೆ ಅದು ತೆಳುವಾಗುತ್ತದೆ. ಹಾಗಾಗಿ ಬಿಸಿನೀರಿನಲ್ಲಿ ತೇಲುವ ಗೂಡುಗಳಲ್ಲಿ ಯಾವುದು ಹೊಸದು, ಯಾವುದು ಮುಗಿಯುತ್ತ ಬಂತು ಎಂದು ಕಣ್ಣಲ್ಲೇ ನೋಡಿಕೊಂಡು, ತುಂಡಾದ ಕೂಡಲೇ ಇನ್ನೊಂದರ ತುದಿ ಎಸೆದು ಸೇರಿಸಬೇಕು. ಬೆರಳು ಇಡೀ ದಿನ ಬಿಸಿನೀರಿನಲ್ಲಿ, ಮೂಗಿಗೆ ಬೆಂದ ಹುಳುವಿನ ವಾಸನೆ. ಡೆನಿಯರ್ ಎಂದರೇನು ಎಂದು ಟ್ಯಾಬ್‌ನಲ್ಲಿ ನಾಲ್ಕು ಉತ್ತರ ಕೊಟ್ಟು ಸರಿಯಾದದ್ದು ಒತ್ತಿ ಎಂದರೆ ಆಕೆ ತಡವರಿಸಬಹುದು. ಆದರೆ ಆಕೆ ಬಿಚ್ಚಿದ ನೂಲನ್ನು ಪರೀಕ್ಷಾ ಯಂತ್ರಕ್ಕೆ ಹಾಕಿ ನೋಡಿದರೆ ಉತ್ತರ ಅಲ್ಲೇ ಇರುತ್ತದೆ. ಅಸೆಸರ್‌ಗೆ ಅರ್ಧ ದಿನ ಪಕ್ಕದಲ್ಲಿ ನಿಲ್ಲುವ ವ್ಯವಧಾನ ಇರಬೇಕು. ಗುರಿಯ ಬೆನ್ನು ಹತ್ತಿದ ಕ್ಯಾಂಪಿನಲ್ಲಿ ಅದು ಎಲ್ಲಿಂದ ಬರಬೇಕು?

2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮ ಯೋಜನೆ ಒಂದು ವಿಷಯದಲ್ಲಿ ಜಾಣತನ ತೋರಿಸಿತು. ಕೌಶಲ ಪರಿಶೀಲನೆ ಮತ್ತು 40 ಗಂಟೆಯ ಮೂಲ ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷದವರೆಗೆ ಸಾಲ. ಪ್ರಮಾಣಪತ್ರದ ಹಿಂದೆ ಏನಾದರೂ ಇದ್ದರೆ ಜನ ತಾವಾಗಿಯೇ ಸಾಲಿನಲ್ಲಿ ನಿಲ್ಲುತ್ತಾರೆ. ಶಿವಾರಪಟ್ಟಣದ ಶಿಲ್ಪಿಗೆ ಉಳಿ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅವನಿಗೆ ಬೇಕಾದದ್ದು ಕಲ್ಲು ಕೊಳ್ಳಲು ಬಂಡವಾಳ. ಯೋಜನೆಯ 18 ವೃತ್ತಿಗಳಲ್ಲಿ ಶಿಲ್ಪಿ ಇದ್ದಾನೆ, ಗಾರೆಯವನು, ಕುಂಬಾರ, ದರ್ಜಿ ಇದ್ದಾರೆ. ರೇಷ್ಮೆ ಬಿಚ್ಚುವವರು ಇಲ್ಲ, ನೇಯುವವರೂ ಇಲ್ಲ. ಶಿಡ್ಲಘಟ್ಟದವರು ಏನು ತಪ್ಪು ಮಾಡಿದ್ದರೋ!

ಕೆಲಸದ ಅನುಭವದಷ್ಟೇ ತೊಡಕಿನದು ಹಿಂದೆ ಓದಿದ ಓದು. ಐಟಿಐ ಮುಗಿಸಿದವರಿಗೆ ದಾರಿ ಒಂದಿಷ್ಟು ತೆರೆದಿದೆ. ಎರಡು ವರ್ಷದ ಐಟಿಐ ಆದವರು ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು, ಲ್ಯಾಟರಲ್ ಎಂಟ್ರಿ ಎಂದರೆ ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಐಟಿಐ ಅಂಕಗಳನ್ನು ವರ್ಗಾಯಿಸಿಕೊಂಡು, ಉಳಿದ ವಿಷಯ ಬರೆದು 10 ಅಥವಾ 12ನೇ ತರಗತಿಯ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯೂ ಇದೆ. ಇದು ಮಾತ್ರ ಎಷ್ಟೋ ಮಂದಿಗೆ ಗೊತ್ತಿಲ್ಲ. ಅರ್ಧಕ್ಕೆ ಬಿಟ್ಟವರ ಪಾಡು ಬೇರೆ. ಒಂದು ವರ್ಷ ಫಿಟ್ಟರ್ ಓದಿ ಮನೆಯ ಕಷ್ಟಕ್ಕೆ ಬಿಟ್ಟವನ ಆ ಒಂದು ವರ್ಷ ಲೆಕ್ಕಕ್ಕೇ ಇರಲಿಲ್ಲ.

2023ರ ಏಪ್ರಿಲ್‌ನಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇದಕ್ಕೆ ಉತ್ತರ ಕೊಡಲು ನೋಡುತ್ತದೆ. 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಶಾಲೆ, ಕಾಲೇಜು, ಐಟಿಐ ಎಲ್ಲಿ ಗಳಿಸಿದರೂ ಒಂದೇ ಖಾತೆಯಲ್ಲಿ ಜಮಾ. ಕಲಿತದ್ದರ ಜೊತೆಗೆ ಕೆಲಸದ ಅನುಭವವೂ ಇದ್ದರೆ ಎರಡು ಪಟ್ಟಿನವರೆಗೆ ತೂಕ ಕೊಡುವ ಮಾತೂ ಅದರಲ್ಲಿದೆ. ಓದಲು ಚೆನ್ನಾಗಿದೆ. ಆದರೆ ಖಾತೆಯಲ್ಲಿ ಜಮಾ ಆದದ್ದನ್ನು ಖರ್ಚು ಮಾಡಲು ಅಂಗಡಿ ಬೇಕಲ್ಲ. ಆ ಕ್ರೆಡಿಟ್ ಹಿಡಿದು ಬಂದವನಿಗೆ ಸೀಟು ಕೊಡುತ್ತೇನೆ ಎನ್ನುವ ಐಟಿಐ, ಪಾಲಿಟೆಕ್ನಿಕ್ ಮುಂದೆ ಬರಬೇಕು.

ಈಗ ನಿಮ್ಮೂರಿನಲ್ಲಿ ಯಾರಾದರೂ ಆರ್‌ಪಿಎಲ್ ಎಂದು ಹೆಸರು ಬರೆಸಿಕೊಳ್ಳಲು ಬಂದರೆ ಕೇಳಬೇಕಾದದ್ದು ಇಷ್ಟು. ಪ್ರಮಾಣಪತ್ರ ಕೊಡುವ ಸಂಸ್ಥೆಗೆ ಎನ್‌ಸಿವಿಇಟಿ ಮಾನ್ಯತೆ ಇದೆಯೇ? ಇಡೀ ದೇಶದ ವೃತ್ತಿ ಶಿಕ್ಷಣಕ್ಕೆ 2020ರಿಂದ ಅದೇ ನಿಯಂತ್ರಕ. ಯಾವ ಕೆಲಸಕ್ಕೆ, ಎಷ್ಟನೇ ಹಂತದ ಪತ್ರ? ಮುಖ್ಯವಾಗಿ, ಅದನ್ನು ಇಟ್ಟುಕೊಂಡು ಮುಂದೆ ಯಾವ ಕೋರ್ಸಿಗೆ, ಯಾವ ಹುದ್ದೆಗೆ ಅರ್ಜಿ ಹಾಕಬಹುದು? ಮೊದಲೆರಡಕ್ಕೆ ಉತ್ತರ ಬೇಗ ಸಿಗುತ್ತದೆ. ಮೂರನೆಯದಕ್ಕೆ ಬರುವ ಉತ್ತರ ‘ಒಂದು ಇರಲಿ ಸಾರ್, ಮುಂದೆ ಉಪಯೋಗಕ್ಕೆ ಬರುತ್ತೆ’.

ಆರ್‌ಪಿಎಲ್ ಪತ್ರ ಐಟಿಐಯ ಎನ್‌ಟಿಸಿಗೆ ಸಮ ಅಲ್ಲ. ಊರಿನ ಮನೆಗಳಿಗೆಲ್ಲ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಆರ್‌ಪಿಎಲ್‌ನಲ್ಲಿ ಪಾಸಾದರೂ, ಬೆಸ್ಕಾಂ ಸಂಪರ್ಕಕ್ಕೆ ಕೊಡುವ ಕಾಗದದ ಮೇಲೆ ಬೀಳುವುದು ಲೈಸೆನ್ಸ್ ಇರುವ ಕಂಟ್ರ್ಯಾಕ್ಟರನ ಸಹಿ. ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ, ಅದರ ನಿಯಮ ಬೇರೆ. ಅತ್ತ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಇಂಥ ಸರ್ಕಾರಿ ಕಾರ್ಖಾನೆಗಳು ತಂತ್ರಜ್ಞರ ಹುದ್ದೆಗೆ ಕರೆಯುವ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಕೇಳುವುದು ಎನ್‌ಟಿಸಿ, ಎನ್‌ಎಸಿ.