ಕಹಳೆಯೊಳಗೆ ಕೂತ ಟಿಬಿ

ನಮ್ ಸಂಬಂಧಿಕರಲ್ಲೊಬ್ರಿಗೆ ಮದುವೆಯಾಗಿ ಆರು ವರ್ಷ ಆದ್ರೂ ಮಕ್ಕಳಾಗಿರ್ಲಿಲ್ಲ. ನಾಗದೋಷ ಅಂದ್ರು, ನಾಗಪ್ರತಿಷ್ಠೆ ಮಾಡ್ಸಿದ್ರು, ಅಶ್ವತ್ಥಕಟ್ಟೆ ಸುತ್ತಿದ್ದೂ ಆಯ್ತು. ಯಾರ ಸೀಮಂತಕ್ಕೂ ಅವರನ್ನ ಕರೀತಿರ್ಲಿಲ್ಲ. ಕೊನೆಗೆ ಎಚ್‌ಎಸ್‌ಜಿ ಎಕ್ಸ್‌ರೇ ತೆಗೆದಾಗ ಗರ್ಭಕೋಶಕ್ಕೆ ಬಿಟ್ಟ ಡೈ, ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಬರೋ ಎರಡೂ ಫೆಲೋಪಿಯನ್ ಟ್ಯೂಬಿನ ಬಾಯಲ್ಲೇ ನಿಂತುಬಿಟ್ಟಿತ್ತು, ಮುಂದಕ್ಕೆ ಒಂದು ಹನಿಯೂ ಹೋಗಿಲ್ಲ. ಗರ್ಭಕೋಶದ ಒಳಪದರದ ಚೂರು ಟೆಸ್ಟಿಗೆ ಕಳ್ಸಿದ್ರೆ ಬಂದಿದ್ದು ಟಿಬಿ! ಕೆಮ್ಮಿಲ್ಲ, ಜ್ವರ ಇಲ್ಲ, ಎದೆ ಎಕ್ಸ್‌ರೇನೂ ಕ್ಲೀನು.

ಟಿಬಿ ಅಂದ್ರೆ ಬರೀ ಶ್ವಾಸಕೋಶದ ಕಾಯಿಲೆ ಅನ್ಕೊಂಡಿದೀವಲ್ಲ, ತೊಂದ್ರೆ ಅಲ್ಲೇ ಶುರು. ಯಾವತ್ತೋ ಉಸಿರಲ್ಲಿ ಒಳಗೆ ಬಂದ ಬ್ಯಾಕ್ಟೀರಿಯಾ ರಕ್ತದ ಜೊತೆ ಹೋಗಿ ಫೆಲೋಪಿಯನ್ ಟ್ಯೂಬಲ್ಲಿ ಕೂತ್ಬಿಡುತ್ತೆ. ನಮ್ಮ ಕರುಳಲ್ಲಿರೋ ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾದ್ರೆ ಇದಕ್ಕೆ 15-20 ಗಂಟೆ ಬೇಕು. ಅಷ್ಟು ನಿಧಾನ, ಅದಕ್ಕೇ ಎಷ್ಟೋ ಜನಕ್ಕೆ ವರ್ಷಗಟ್ಲೆ ಗೊತ್ತೇ ಆಗಲ್ಲ.

ಈ ಟ್ಯೂಬ್ ಇದೆಯಲ್ಲ, 1561ರಲ್ಲಿ ಇಟಲಿಯ ಅಂಗರಚನಾ ತಜ್ಞ ಫಲೋಪಿಯೋ ಇದನ್ನ ವಿವರಿಸುವಾಗ ಕಹಳೆಗೆ ಹೋಲಿಸಿದ್ದ, ಅಂಡಾಶಯದ ಕಡೆ ಬಾಯಿ ಅಗಲ, ಗರ್ಭಕೋಶದ ಹತ್ರ ಬರ್ತಾ ಬರ್ತಾ ಒಂದು ಮಿಲಿಮೀಟರಿನಷ್ಟು ಸಣ್ಣ. ಆದ್ರೆ ಇದು ಬರೀ ಪೈಪ್ ಅಲ್ಲ ರೀ! ಒಳಗೆಲ್ಲಾ ಕಣ್ಣಿಗೆ ಕಾಣದ ಸೂಕ್ಷ್ಮ ರೋಮ, ಗಾಳಿಗೆ ರಾಗಿ ತೆನೆ ತೂಗಿದಂಗೆ ಒಂದೇ ದಿಕ್ಕಿಗೆ ಬಾಗ್ತಿರುತ್ವೆ. ಜಾತ್ರೆ ಗದ್ದಲದಲ್ಲಿ ಮಗುನ ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಂಗೆ ಭ್ರೂಣನ ಮೂರ್ನಾಲ್ಕು ದಿನ ದಾಟಿಸ್ತಾ ದಾಟಿಸ್ತಾ ಗರ್ಭಕೋಶಕ್ಕೆ ಮುಟ್ಟಿಸ್ತವೆ. ಟಿಬಿ ಕೂತಲ್ಲಿ ನಮ್ಮ ರೋಗನಿರೋಧಕ ಕಣಗಳು ಸುತ್ತುವರಿದು ಗಂಟು ಕಟ್ತವೆ, ಆ ಗಂಟು ಮಾಗಿ ಗಾಯದ ಕಲೆ ಆಗುತ್ತೆ, ನಾಟಿ ಗದ್ದೆಗೆ ಸಿಮೆಂಟ್ ಹುಯ್ದಂಗೆ. ಟ್ಯೂಬ್ ಪೂರ್ತಿ ಮುಚ್ಚದೇ ಇದ್ರೂ ಅಪಾಯ ತಪ್ಪಲ್ಲ, ಸಣ್ಣ ವೀರ್ಯಾಣು ನುಸುಳ್ಕೊಂಡು ಹೋಗುತ್ತೆ, ದೊಡ್ಡ ಭ್ರೂಣ ವಾಪಸ್ ಬರಕ್ಕಾಗ್ದೆ ಅಲ್ಲೇ ಬೆಳೆಯೋಕೆ ಶುರು ಮಾಡಿದ್ರೆ ಜೀವಕ್ಕೇ ಕುತ್ತು.

ಹಂಗಂತ ಬ್ಯಾಕ್ಟೀರಿಯಾ ಎಲ್ಲಾ ಶತ್ರುಗಳಲ್ಲ. ಯೋನಿಯಲ್ಲಿರೋ ಲ್ಯಾಕ್ಟೋಬ್ಯಾಸಿಲಸ್, ಮೊಸರು ಹುಳಿ ಮಾಡೋ ಕುಟುಂಬದ್ದೇ, ಜಾಗನ ಆಮ್ಲೀಯವಾಗಿಟ್ಟು ಕಾವಲು ಕಾಯುತ್ತೆ. ಕ್ಲಮೈಡಿಯ ಅನ್ನೋ ಬ್ಯಾಕ್ಟೀರಿಯಾ ಮಾತ್ರ ಟಿಬಿ ಥರಾನೇ ಸದ್ದಿಲ್ದೆ ಟ್ಯೂಬ್ ಹಾಳು ಮಾಡುತ್ತೆ, ಲೈಂಗಿಕ ಸಂಪರ್ಕದಿಂದ ಹರಡೋದ್ರಿಂದ ಗಂಡನಿಗೂ ಟೆಸ್ಟ್ ಆಗ್ಲೇಬೇಕು.

ಆರು ತಿಂಗಳ ಮಾತ್ರೆಗೆ ಟಿಬಿ ಸಾಯುತ್ತೆ, ಕಲೆಗಟ್ಟಿದ ಟ್ಯೂಬ್ ಸರಿಹೋಗೋದು ಅಪರೂಪ. ಆದ್ರೆ ಗರ್ಭಕೋಶದ ಒಳಪದರ ಚೆನ್ನಾಗಿದ್ರೆ ಐವಿಎಫ್ ಇದೆ, ಅಂದ್ರೆ ಅಂಡ-ವೀರ್ಯಾಣುನ ದೇಹದ ಹೊರಗೆ ಸೇರಿಸಿ ಭ್ರೂಣನ ನೇರ ಗರ್ಭಕೋಶಕ್ಕೇ ಇಡೋದು, ಅದಕ್ಕೆ ಟ್ಯೂಬೇ ಬೇಡ. 1978ರಲ್ಲಿ ಹುಟ್ಟಿದ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ತಾಯಿಗೂ ಟ್ಯೂಬ್ ಬ್ಲಾಕ್ ಆಗಿತ್ತು. ನಮ್ಮವರಿಗೀಗ ನಾಲ್ಕನೇ ತಿಂಗಳ ಮಾತ್ರೆ ನಡೀತಿದೆ.