ಹಸುಗಣ್ಣಿನ ಹಾಲಿಯೆ: ಒಂದು ವಿಶೇಷಣ, ನೂರೆಂಟು ಜಗಳ

ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ 18ನೇ ಭಾಗದಲ್ಲಿ ಗೆಳೆಯ ಸತ್ತ ಅಂತ ಅಕಿಲೀಸ್ ಗೋಳಾಡ್ತಾನೆ, ಅದು ಸಮುದ್ರದ ತಳದಲ್ಲಿರೋ ತಾಯಿ ಥೆಟಿಸ್‌ಗೆ ಕೇಳ್ಸುತ್ತೆ, ಅವಳ ಅಕ್ಕತಂಗೀರು, ನೆರೆಯಿಡ್ ಅನ್ನೋ ಸಮುದ್ರದೇವಿಯರೆಲ್ಲ ಬಂದು ಎದೆ ಬಡ್ಕೊಂಡು ಅಳ್ತಾರೆ. ಹೋಮರ್ ಒಬ್ಬೊಬ್ಬರ ಹೆಸರೂ ಹೇಳ್ತಾ ಹೋಗ್ತಾನೆ. ಹೆಚ್ಚಿನವರಿಗೆ ಬರೀ ಹೆಸರಷ್ಟೇ, ಹಾಲಿಯೆಗೆ ಮಾತ್ರ ಜೊತೆಗೊಂದು 'ಬೊಓಪಿಸ್'. ಬೂಸ್ ಅಂದ್ರೆ ಹಸು ಅಥವಾ ಎತ್ತು, ಓಪ್ಸ್ ಅಂದ್ರೆ ಕಣ್ಣು, ಮುಖ ಅಂತಲೂ ಆಗುತ್ತೆ. ತಕರಾರು ಇರೋದೇ ಅಲ್ಲಿ.

ಹಳೇ ಗ್ರೀಕ್ ವ್ಯಾಖ್ಯಾನಕಾರರು 'ದೊಡ್ಡ ಕಣ್ಣಿನವಳು' ಅಂದು ಮುಂದೆ ಹೋದ್ರು, ಆಮೇಲೆ ಶತಮಾನಗಟ್ಟಲೆ ಅದೇ ನಡೀತು.

1876ರಲ್ಲಿ ಜರ್ಮನ್ ಉತ್ಖನನಕಾರ ಶ್ಲೀಮನ್ ಗ್ರೀಸ್‌ನ ಹಳೇ ಊರು ಮೈಸೀನೆ ಅಗೆದಾಗ ಕಥೆ ತಿರುಗ್ತು. ಮಣ್ಣಿನ ಪುಟ್ಟ ಹೆಣ್ಣುಗೊಂಬೆಗಳು ರಾಶಿ ಸಿಕ್ವು, ಎರಡೂ ಕಡೆ ಮೇಲಕ್ಕೆ ಚಾಚಿದ ಭಾಗಗಳನ್ನ ಅವರು ಹಸುವಿನ ಕೊಂಬು ಅಂದ್ಕೊಂಡ್ರು, ಈಗ ನೋಡಿದ್ರೆ ಅವು ಎತ್ತಿದ ಕೈಗಳು. ಚಿನ್ನದ ಕೊಂಬಿನ ಬೆಳ್ಳಿ ತಲೆಯೂ ಸಿಕ್ತು, ಅದೂ ಹಸು ಅಂತಾಯ್ತು (ಈಗ ಎಲ್ರೂ ಹೋರಿ ಅಂತಾರೆ, ಅಥೆನ್ಸ್ ಮ್ಯೂಸಿಯಂನಲ್ಲಿದೆ). ದೇವರಾಜ ಜ್ಯೂಸ್‌ನ ಹೆಂಡತಿ ಹೇರಾಗೂ ಇದೇ ವಿಶೇಷಣ ಇದ್ದಿದ್ರಿಂದ ಅವಳು ಮೊದಲು ಹಸುಮುಖದ ದೇವಿ ಆಗಿದ್ಲು ಅನ್ನೋ ವಾದ ಹುಟ್ಕೊಳ್ತು. ಅವಳ ಪೂಜಾರಿಣಿ ಇಯೋ ಹಸುವಾದ ಕಥೆ, ಈಜಿಪ್ಟಿನ ಹಸುದೇವಿ ಹಾಥೋರ್, ಎಲ್ಲ ಸೇರಿಸಿದ್ರೆ ಕೇಳೋಕೆ ಚೆನ್ನಾಗೇ ಇತ್ತು. ಆದ್ರೆ ಹೆಲೆನಳ ದಾಸಿ ಕ್ಲಿಮೆನೆಗೂ ಅದೇ ಪದ ಇದೆಯಲ್ಲ, ಅವಳೂ ಹಸುಮುಖದವಳಾ? ನಮ್ಮಲ್ಲಿ ಮೀನಾಕ್ಷಿ ಅಂದ ತಕ್ಷಣ ಯಾರಾದ್ರೂ ಮೀನಿನ ತಲೆ ಹುಡುಕ್ತಾರಾ.

1928ರಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಪ್ಯಾರಿಸ್‌ನಲ್ಲಿ ಮಂಡಿಸಿದ ಥೀಸಿಸ್ ಚರ್ಚೇನ ಛಂದಸ್ಸಿನ ಕಡೆ ಎಳೀತು: ಇಂಥ ವಿಶೇಷಣಗಳು ಬಾಯಲ್ಲೇ ಕಾವ್ಯ ಕಟ್ಟೋರಿಗೆ ಸಾಲು ತುಂಬಿಸೋ ರೆಡಿಮೇಡ್ ತುಂಡುಗಳು. ಗಮನಿಸಿದ್ರೆ ಇಲಿಯಡ್‌ನಲ್ಲಿ ಕ್ಲಿಮೆನೆ, ಫಿಲೊಮೆಡೂಸಾ, ಹಾಲಿಯೆ, ಇನ್ನೊಬ್ಬ ಹಳೇ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಪ್ಲೂಟೊ ಅನ್ನೋ ಸಾಗರಕನ್ಯೆ, ನಾಲ್ವರಿಗೂ ಪದ ಕೂತಿರೋದು ಸಾಲಿನ ಕೊನೇಲೇ. ಹೇರಾಗೆ ಇನ್ನೊಂದು ತೊಡಕು, 'ಬಿಳಿತೋಳಿನ ದೇವಿ' ಅನ್ನೋ ತುಂಡು ಕೂಡ ಅಷ್ಟೇ ಮಾತ್ರೆ, ಹಾಗಾಗಿ ಛಂದಸ್ಸೊಂದೇ ಇದನ್ನ ಆರಿಸ್ತು ಅನ್ನೋದು ಪೂರ್ತಿ ಒಪ್ಪೋ ಮಾತಲ್ಲ.

ಇವತ್ತಿನ ಅನುವಾದಕರಲ್ಲಿ ಕೆಲವರು ದನವನ್ನ ಉಳಿಸ್ತಾರೆ, ಕೆಲವರು ನಾಚ್ಕೊಂಡು 'ವಿಶಾಲ ನೇತ್ರೆ' ಮಾಡಿ ಕೈ ತೊಳ್ಕೊತಾರೆ. ನಾಚ್ಕೊಳೋಕೆ ಏನಿದೆಯೋ, ಅದೇ ಇಲಿಯಡ್‌ನ 6ನೇ ಭಾಗದಲ್ಲಿ ಗ್ಲೌಕಸ್ ಅನ್ನೋ ಯೋಧನ ಚಿನ್ನದ ಕವಚಕ್ಕೆ ಬೆಲೆ ಕಟ್ಟಿರೋದು 100 ದನಗಳ ಲೆಕ್ಕದಲ್ಲಿ.